ವೀಳ್ಯದೆಲೆಯ ಮೇಲೆ ರಾಣಿ ಕಾಸು

ಗಂಜಾಂನ ಚಿಕ್ಕಸ್ವಾಮಿಗೆ ಕಬ್ಬಿನ ಹಾಲು ಹಿಂಡುವುದು ಹೊಟ್ಟೆಪಾಡು, ಫಾರಿನ್ ಕಾಸು ಗುರುತಿಸುವುದು ವಿದ್ಯೆ. ಮೊದಲನೆಯದಕ್ಕೆ ಗಾಣ ತಿರುಗಿಸುವ ರಟ್ಟೆ ಇದ್ದರೆ ಸಾಕು, ಎರಡನೆಯದಕ್ಕೆ ತಲೆ ಬೇಕು ಎಂದು ಅವನು ತನ್ನ ತಲೆಯನ್ನೇ ಮುಟ್ಟಿ ತೋರಿಸುತ್ತಿದ್ದ. ಅವನ ಎದುರುಗಡೆ ಸೈಕಲ್ ಶಾಪ್ ಇಟ್ಟುಕೊಂಡು ವರ್ಷಗಟ್ಟಲೆ ಆ ತಲೆಯನ್ನು ನೋಡಿರುವ ನಾನು, ಪುಟ್ಟಸ್ವಾಮಿ, ಈ ವಿಚಾರದಲ್ಲಿ ಏನೂ ಮಾತಾಡದೆ ಪಂಕ್ಚರ್ ಹಾಕುತ್ತಿದ್ದೆ.

ಗುಂಬಜ್ ನೋಡಲು ಬರುವ ಬಿಳಿ ಜನ ಬಿಸಿಲಿಗೆ ಟೊಮ್ಯಾಟೊ ಹಾಗೆ ಕೆಂಪಾಗಿ ಅವನ ಗಾಣದ ಮುಂದೆ ನಿಲ್ಲುತ್ತಿದ್ದರು. ಕ್ಯಾತನಹಳ್ಳಿಯಿಂದ ತಂದ ಕಬ್ಬು, ಲೋಟಕ್ಕೆ ಎರಡೂವರೆ ರೂಪಾಯಿ. ಕುಡಿದವರಲ್ಲಿ ಒಬ್ಬಿಬ್ಬರು ಚಿಲ್ಲರೆ ಸಾಲದೆಯೋ ಪ್ರೀತಿಗೋ ತಮ್ಮ ದೇಶದ ಒಂದು ಕಾಸನ್ನು ಅವನ ಅಂಗೈಗೆ ಹಾಕಿ ಹೋಗುತ್ತಿದ್ದರು. ಅವೆಲ್ಲ ಅವನ ಮನೆಯ ಗೂಡಿನಲ್ಲಿದ್ದ ಹಾರ್ಲಿಕ್ಸ್ ಡಬ್ಬಿಗೆ ಸೇರುತ್ತಿದ್ದವು.

ಅವನ ಶಾಸ್ತ್ರ ಬಹಳ ಸರಳ. ಕಾಸಿನ ಮೇಲೆ ಹೆಂಗಸಿನ ತಲೆ ಇದ್ದರೆ ಲಂಡನ್. ಹದ್ದಿದ್ದರೆ ಅಮೆರಿಕ. ಎರಡೂ ಇಲ್ಲದಿದ್ದರೆ ಜರ್ಮನಿ. ಬೆಲೆ ಕಟ್ಟುವುದಕ್ಕೆ ಅಂಗೈಯಲ್ಲಿ ಎರಡು ಸಲ ಎಗರಿಸಿ ತೂಕ ನೋಡಿ, ಕಣ್ಣು ಮುಚ್ಚಿ, "ನಮ್ ದುಡ್ಡಲ್ಲಿ ನೂರಕ್ಕೆ ಕಮ್ಮಿ ಇಲ್ಲ ಕಣ್ಲಾ" ಎನ್ನುತ್ತಿದ್ದ. ಒಂದು ಸಲ ಡಬ್ಬಿಯನ್ನೇ ಬ್ಯಾಂಕಿಗೆ ಹೊತ್ತುಕೊಂಡು ಹೋಗಿದ್ದ. ಅಲ್ಲಿದ್ದವರು, "ಫಾರಿನ್ ನೋಟಾದ್ರೆ ಮೈಸೂರಿಗೆ ಹೋಗಿ, ಕಾಸನ್ನ ಎಲ್ಲೂ ತಗೊಳಲ್ಲ" ಎಂದು ವಾಪಸ್ ಕಳಿಸಿದರು. ಅವನಿಗೆ ಇದರಿಂದ ಬೇಸರವಾಗಲಿಲ್ಲ. "ಅಷ್ಟ್ ಬೆಲೆ ಬಾಳೋದ್ನ ಈ ಸಣ್ ಬ್ಯಾಂಕ್ನೋರು ಎಂಗ್ ತಕ್ಕಂಡಾರು?" ಎಂದು ಹೆಮ್ಮೆಯಿಂದ ಬೀಗಿದ.

ತೊಂಬತ್ತೈದರ ಬೇಸಿಗೆಯಲ್ಲಿ ಅವನ ಮಗಳು ಜಯಶೀಲಳಿಗೆ ಗಂಡು ಗೊತ್ತಾಯಿತು. ಹೊಣಕೆರೆಯ ದ್ಯಾವಯ್ಯನ ಮಗ ನಾಗರಾಜು, ಬಸ್ ಕಂಡಕ್ಟರು. ಪಾಂಡವಪುರಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದ ಜಯಶೀಲ ಅವನ ಬಸ್ಸಿನಲ್ಲೇ ಓಡಾಡಿದ್ದಳು. ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟು ಮರೆತುಬಿಡದೆ, ಇಳಿಯುವ ಹೊತ್ತಿಗೆ ತಾನೇ ಕರೆದು ವಾಪಸ್ ಕೊಡುವ ಕಂಡಕ್ಟರನ್ನು ಅವಳು ಅದೇ ಮೊದಲು ನೋಡಿದ್ದು. ಇಂಥ ಗಂಡಸು ಇನ್ನೊಬ್ಬ ಸಿಗುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದು ಬೀದಿಗೆಲ್ಲ ಗೊತ್ತಿತ್ತು, ಅವಳಪ್ಪನೊಬ್ಬನನ್ನು ಬಿಟ್ಟು.

ಒಪ್ಪುವೀಳ್ಯದ ದಿನ ಹೊಣಕೆರೆಯಿಂದ ಹತ್ತು ಹನ್ನೆರಡು ಜನ ಬಂದರು. ನಮ್ಮ ಕಡೆ ಒಪ್ಪುವೀಳ್ಯ ಎಂದರೆ ಅರ್ಧ ಮದುವೆ ಆದ ಹಾಗೆ. ಹೆಣ್ಣಿನ ತಂದೆ ವೀಳ್ಯದೆಲೆಯ ಮೇಲೆ ಒಂದೂಕಾಲು ರೂಪಾಯಿ ಇಟ್ಟು ಗಂಡಿನ ತಾಯಿಯ ಮಡಿಲಿಗೆ ಹಾಕಬೇಕು. ಅದು ಒಮ್ಮೆ ಬಿದ್ದಮೇಲೆ ಆ ಕಾಸನ್ನು ವಾಪಸ್ ಕೇಳಿದರೆ ಸಂಬಂಧ ಮುರಿಯಿತು ಎಂದೇ ಲೆಕ್ಕ. ಆಮೇಲೆ ಯಾವ ಸಮಜಾಯಿಷಿಯೂ ನಡೆಯುವುದಿಲ್ಲ.

ಚಿಕ್ಕಸ್ವಾಮಿ ಎಲೆ ಇಟ್ಟ. ಅಡಿಕೆ ಇಟ್ಟ. ಒಂದು ರೂಪಾಯಿ ಇಟ್ಟ. ನಾಲ್ಕಾಣೆಗೆ ಜೇಬು ತಡಕಿದ, ಇಲ್ಲ. ಹೆಂಡತಿ ಸೋಮಮ್ಮನ ಕಡೆ ನೋಡಿದ, ಅವಳು ಹಿಂದಿನ ದಿನ ಹೂವಿನವಳಿಗೆ ಕೊಟ್ಟಾಗಿತ್ತು. ಬಾಮೈದ ಚೌಡಯ್ಯನನ್ನು ನೋಡೋಣವೆಂದರೆ ಅವನು ಗಾಣದ ಹತ್ತಿರ ಅಂಗಡಿ ನೋಡಿಕೊಳ್ಳುತ್ತಿದ್ದ. ಇಡೀ ಮನೆಯಲ್ಲಿ ಒಂದು ನಾಲ್ಕಾಣೆ ಇಲ್ಲ, ಹೊಣಕೆರೆಯವರು ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದಾರೆ. ಸೀದಾ ಗೂಡಿಗೆ ಕೈ ಹಾಕಿ ಡಬ್ಬಿಯಿಂದ ಸಿಕ್ಕಿದ್ದೊಂದನ್ನು ತೆಗೆದು ಎಲೆಯ ಮೇಲೆ ಇಟ್ಟುಬಿಟ್ಟ.

ಅದು ನಾಲ್ಕಾಣೆಯ ಒಂದೂವರೆಯಷ್ಟು ಅಗಲವಿತ್ತು. ದ್ಯಾವಯ್ಯ ಬಗ್ಗಿ ನೋಡಿ, "ಬೀಗ್ರೇ, ಇದ್ಯಾವ್ ಕಾಸು?" ಎಂದರು.

ಇಲ್ಲ ಎಂದು ಒಪ್ಪಿಕೊಂಡು ಪಕ್ಕದ ಮನೆಯಿಂದ ನಾಲ್ಕಾಣೆ ತರಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಚಿಕ್ಕಸ್ವಾಮಿ ಎದೆ ಸೆಟೆಸಿದ.

"ಲಂಡನ್ ರಾಣಿ ಕಾಸು ಬೀಗ್ರೇ. ಬೇಕಂತ್ಲೇ ಮಡಗಿವ್ನಿ. ನಾಲ್ಕಾಣೆ ಎಲ್ರೂ ಮಡಗ್ತಾರೆ."

ಕಾಸು ಕೈಯಿಂದ ಕೈಗೆ ಹೋಯಿತು. ಅಂಚಿನ ಇಂಗ್ಲಿಷ್ ಅಕ್ಷರ ಸವೆದು ಓದಲು ಬರುತ್ತಿರಲಿಲ್ಲ, ಆದರೂ ಒಂದು ಕಡೆ ರಾಣಿಯ ತಲೆ ಇದ್ದದ್ದರಲ್ಲಿ ತಕರಾರಿಲ್ಲ. ಇನ್ನೊಂದು ಕಡೆ ಒಂದು ಪ್ರಾಣಿ ಇತ್ತು. ಅದು ಮೀನು ಎಂದು ಚಿಕ್ಕಸ್ವಾಮಿ, ಹೆಗ್ಗಣ ಎಂದು ಸೋಮಮ್ಮ, ಕೊಕ್ಕು ನೋಡಿದರೆ ಬಾತುಕೋಳಿ ಎಂದು ದ್ಯಾವಯ್ಯ. ಬೀಗರ ಮೊದಲ ವಾದವಾದ್ದರಿಂದ ಎಲ್ಲರೂ ಮರ್ಯಾದೆಯಿಂದ ನಕ್ಕು ಬಿಟ್ಟರು. ದ್ಯಾವಯ್ಯನ ಹೆಂಡತಿ ಮಾದಮ್ಮ ಎಲೆ ಅಡಿಕೆಯನ್ನು ಚೀಲಕ್ಕೂ ಕಾಸುಗಳನ್ನು ಸೆರಗಿನ ತುದಿಗೂ ಹಾಕಿ ಗಂಟು ಕಟ್ಟಿಕೊಂಡು, ಊಟ ಮಾಡಿ, ಬಳಗದ ಜೊತೆ ಬಸ್ಸಿಗೆ ಹೊರಟರು. ಒಳ್ಳೆಯ ಜನ, ಒಳ್ಳೆಯ ಮುಹೂರ್ತ ಎಂದುಕೊಂಡೆವು.

ವಾರ ಕಳೆಯಿತು. ಚೌಡಯ್ಯ ಒಂದು ಮಧ್ಯಾಹ್ನ ಕಡ್ಲೆಕಾಯಿ ತಿಂದು ಮುಗಿಸಿ, ಪೊಟ್ಟಣದ ಕಾಗದವನ್ನು ಬಿಚ್ಚಿ ಓದುತ್ತಾ ಗಾಣದ ಪಕ್ಕ ಕುಳಿತಿದ್ದ. ಇದ್ದಕ್ಕಿದ್ದಂತೆ ಕೂಗಿಕೊಂಡ.

"ಭಾವ! ಬಾ ಇಲ್ಲಿ. 'ರಾಣಿಯ ಚಿತ್ರವಿರುವ ಅಪರೂಪದ ನಾಣ್ಯ, ಹರಾಜಿನಲ್ಲಿ ನಾಲ್ಕು ಲಕ್ಷ'!"

ಚಿಕ್ಕಸ್ವಾಮಿ ಕಬ್ಬನ್ನು ಗಾಣಕ್ಕೆ ಕೊಟ್ಟವನು ಹಾಗೇ ನಿಂತ. "ಯಾವ್ ರಾಣಿ? ಯಾವ್ ಕಾಸು?"

"ಮುಂದಕ್ಕೆ ಹರ್ದೋಗದೆ ಕಣ್ ಭಾವ. ಫೋಟೋದ ಮೇಲೆ ಎಣ್ಣೆ ಆಗದೆ. ಆದ್ರೆ ತಲೆ ಹೆಂಗಸ್ರದ್ದೇ. ಲಕ್ಷ ಅಂತ ಮಾತ್ರ ಚೆನ್ನಾಗ್ ಕಾಣ್ತಾದೆ."

ಮುಖ್ಯವಾದದ್ದೆಲ್ಲ ಹರಿದುಹೋಗಿ ಲಕ್ಷ ಮಾತ್ರ ಉಳಿದ ಕಾಗದ ಅದು. ಆದರೂ ಚಿಕ್ಕಸ್ವಾಮಿಗೆ ಸಾಕಾಯಿತು. ಡಬ್ಬಿ ತಂದು ರಸ್ತೆಯಲ್ಲೇ ಸುರಿದ. ಹದ್ದುಗಳಿದ್ದವು, ಜರ್ಮನಿಗಳು ಬೇಕಾದಷ್ಟಿದ್ದವು, ರಾಣಿ ಒಂದೂ ಇಲ್ಲ. ಇದ್ದ ಒಬ್ಬಳೇ ರಾಣಿಯನ್ನು ಅವನು ಎಲೆಯ ಮೇಲಿಟ್ಟು ಹೊಣಕೆರೆಗೆ ಕಳಿಸಿದ್ದ.

"ಪುಟ್ಟಸ್ವಾಮಣ್ಣ," ಎಂದ ನನ್ನ ಅಂಗಡಿಗೆ ಬಂದು. ದನಿ ಸಣ್ಣಗಾಗಿತ್ತು. "ನಾಲ್ಕಾಣೆ ಬದ್ಲು ನಾಲ್ಕ್ ಲಕ್ಷ ಮಡಗ್ಬುಟ್ಟೆ."

ಸೋಮಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ, ಕೂಗಲಿಲ್ಲ. ಸುಮ್ಮನೆ ಮೇಲೆ ನೋಡಿ, ಹಂಚು ಒಡೆದ ಜಾಗಗಳನ್ನು ಒಂದೊಂದಾಗಿ ಕಣ್ಣಲ್ಲೇ ಎಣಿಸಿದಳು. ಆಮೇಲೆ ಚಿನ್ನದ ಬಳೆ ಕಾಣದ ತನ್ನ ಕೈಗಳನ್ನು ನೋಡಿಕೊಂಡಳು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಕೊನೆಗೆ ಒಂದೇ ಮಾತು ಆಡಿದಳು. "ನಾಲ್ಕಾಣೆ ಇಲ್ಲ ಅನ್ನಕ್ಕೆ ಆಗ್ನಿಲ್ವಾ ನಿನ್ ಬಾಯ್ಗೆ?"

"ವಾಪಸ್ ಕೇಳಾನ" ಎಂದ ಚೌಡಯ್ಯ.

ಒಳಗಿನಿಂದ ಜಯಶೀಲ ಓಡಿಬಂದಳು. "ಕೇಳಿದ್ರೆ ಮದ್ವೆ ಮುರ್ದೋಗ್ತದೆ ಮಾವ! ಅಪ್ಪ, ಬ್ಯಾಡ ಕಣಪ್ಪ. ಹೋದ್ರೆ ಹೋಗ್ಲಿ ಬುಡು."

"ಕೇಳಕಿಲ್ಲ ಕಣವ್ವ" ಎಂದ ಚಿಕ್ಕಸ್ವಾಮಿ. ಮಗಳ ಮುಖ ನೋಡಲಾಗದೆ ಗೂಡಿನ ಕಡೆ ತಿರುಗಿದ್ದ. "ಬದ್ಲಾಯಿಸ್ತೀನಿ."

ಉಪಾಯ ಇದು: ಬೀಗರ ಮನೆಗೆ ಸುಮ್ಮನೆ ಯೋಗಕ್ಷೇಮಕ್ಕೆಂದು ಹೋಗುವುದು, ದೇವರ ಮನೆಗೆ ಕೈ ಮುಗಿಯಲು ನುಗ್ಗುವುದು, ವೀಳ್ಯದ ಗಂಟಿನಲ್ಲಿದ್ದ ರಾಣಿಯನ್ನು ತೆಗೆದು ಹೊಸ ನಾಲ್ಕಾಣೆ ಇಟ್ಟು ಬರುವುದು. ಕಳ್ಳತನವಲ್ಲವೇ ಎಂದು ನಾನು ಕೇಳಿದೆ. ಶಾಸ್ತ್ರಕ್ಕೆ ಬೇಕಾದ್ದು ನಾಲ್ಕಾಣೆ, ತಾನು ಶಾಸ್ತ್ರವನ್ನು ಸರಿಪಡಿಸುತ್ತಿದ್ದೇನೆ ಎಂದ. ನನ್ನನ್ನೂ ಜೊತೆಗೆ ಎಳೆದುಕೊಂಡ. ಪಾಂಡವಪುರ ದಾಟಿ ಹೊಣಕೆರೆ ಸೇರುವವರೆಗೂ ಆ ನಾಲ್ಕಾಣೆಯನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದ, ಇಳಿಯುವಾಗ ಅದರ ಗುರುತು ಅಂಗೈಯಲ್ಲಿ ಅಚ್ಚಾಗಿತ್ತು.

ನಮ್ಮನ್ನು ಕಂಡೊಡನೆ ದ್ಯಾವಯ್ಯನ ಮುಖ ಬಿಳುಚಿತು. ಮಾದಮ್ಮ ಒಳಗೆ ಓಡಿದವರು ಪಾತ್ರೆ ಬೀಳಿಸಿದ ಸದ್ದು ಕೇಳಿತು.

"ಬನ್ನಿ ಬೀಗ್ರೇ, ಬನ್ನಿ, ಕುಂತ್ಕಳಿ, ಯಾಕ್ ಬಂದ್ರಿ?" ಎಂದರು ದ್ಯಾವಯ್ಯ. ಆಮೇಲೆ ತಾವೇ ಗಾಬರಿಯಾಗಿ, "ಅಂದ್ರೆ, ಬಂದಿದ್ ಒಳ್ಳೇದಾಯ್ತು ಅಂದೆ" ಎಂದರು.

"ಸುಮ್ನೆ ಬಂದೋ. ದೇವ್ರ ಮನೇಗ್ ಒಂದ್ ಕೈ ಮುಕ್ಕಂಡ್ ಬತ್ತೀನಿ" ಎಂದು ಚಿಕ್ಕಸ್ವಾಮಿ ಚಪ್ಪಲಿ ಬಿಟ್ಟವನೇ ನುಗ್ಗಿದ.

ಮಾದಮ್ಮ ಬಾಗಿಲಿಗೆ ಅಡ್ಡ ನಿಂತರು. "ಇವತ್ ಆಗಕಿಲ್ಲ ಅಣ್ಣ. ಸಾರ್ಸಿವ್ನಿ, ಒದ್ದೆ ಐತೆ."

"ಒದ್ದೆ ಆದ್ರೇನು, ತುದಿಗಾಲಲ್ಲಿ ಓಯ್ತೀನಿ."

"ಬೀಗದ್ ಕೈ ಸಿಗ್ತಿಲ್ಲ" ಎಂದರು ದ್ಯಾವಯ್ಯ, ಹಾರು ಹೊಡೆದು ತೆರೆದೇ ಇದ್ದ ಬಾಗಿಲಿನ ಮುಂದೆ ನಿಂತು.

"ಹಾವು ಹೊಕ್ಕದೆ" ಎಂದರು ಮಾದಮ್ಮ ಅದೇ ಉಸಿರಿನಲ್ಲಿ.

ಒಂದೇ ದೇವರ ಮನೆ ಒಂದೇ ಹೊತ್ತಿನಲ್ಲಿ ಒದ್ದೆಯಾಗಿ, ಬೀಗ ಬಿದ್ದು, ಹಾವೂ ಸೇರಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಿಕ್ಕಸ್ವಾಮಿ ನನ್ನ ಕಡೆ ತಿರುಗಿ ಕಣ್ಣಲ್ಲೇ, ನೋಡ್ದಾ, ಗೊತ್ತಾಗದೆ ಇವ್ರಿಗೆ, ಎಂದ.

ಹೊರಗೆ ಬಂದರೆ ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಕೊಂಬಿಗೆ ಬಣ್ಣ, ಕೊರಳಿಗೆ ಹೊಸ ಗಂಟೆ. ಒಪ್ಪುವೀಳ್ಯಕ್ಕೆ ಮುಂಚೆ ನಾವು ಗಂಡಿನ ಮನೆ ನೋಡಲು ಬಂದಾಗ ಆ ಗೂಟ ಖಾಲಿ ಇತ್ತು.

"ಎಮ್ಮೆ ಯಾವಾಗ್ ಬಂತು ಬೀಗ್ರೇ?" ಎಂದು ಕೇಳಿದ ಚಿಕ್ಕಸ್ವಾಮಿ.

"ಮೊನ್ನೆ. ಕೆ.ಆರ್. ಪೇಟೆ ಸಂತೇಲಿ. ಮದ್ವೆ ಮನೆ ಅಲ್ವಾ, ಹಾಲು ಮೊಸ್ರು ಬೇಕಾಯ್ತದೆ."

"ಬಾಳ ದುಡ್ಡಾಗಿರ್ಬೇಕು."

"ಆಯ್ತು" ಎಂದು ದ್ಯಾವಯ್ಯ ಬೇರೆ ಕಡೆ ನೋಡಿದರು.

ಚಿಕ್ಕಸ್ವಾಮಿ ಎಮ್ಮೆಯ ಹತ್ತಿರ ಹೋಗಿ ನಿಂತ. ಅದರ ಬೆನ್ನು ಸವರಿದ. ಹಲ್ಲು ನೋಡಿದ. ಅವನ ಲಕ್ಷ ಅವನ ಕಣ್ಣೆದುರಿಗೇ ಹಸಿ ಮೇವು ತಿನ್ನುತ್ತಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಒಂದೇ ಒಂದು ಮಾತು ಆಡಿದ. "ಮಾರ್ಬುಟ್ಟವ್ರೆ ಕಣಣ್ಣ. ಒಂದ್ ಎಮ್ಮೆ ಅಷ್ಟೇ ಹೊರಗ್ ಕಟ್ಟವ್ರೆ. ಮಿಕ್ಕಿದ್ದೆಲ್ಲ ಹಾವು ಅಂದ್ರಲ್ಲ, ಅಲ್ಲೈತೆ."

ನಾನು ಯಾರಿಗೂ ಹೇಳಲಿಲ್ಲ. ಸೋಮಮ್ಮ ಹೇಳಲಿಲ್ಲ. ಚೌಡಯ್ಯ ಮಾತ್ರ ಕ್ಷೌರದ ಅಂಗಡಿಯಲ್ಲಿ ಗುಟ್ಟಾಗಿ ಹೇಳಿದ. ಕ್ಷೌರದ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಟಿಕೆಟ್ ತೆಗೆದುಕೊಳ್ಳದೆ ಪಾಂಡವಪುರದ ಬಸ್ಸು ಹತ್ತಿ, ಕಂಡಕ್ಟರುಗಳ ಬಾಯಿಂದ ಬಾಯಿಗೆ ಬದಲಾಗುತ್ತಾ ಸುದ್ದಿ ಕೆ.ಆರ್. ಪೇಟೆ ಡಿಪೋದಲ್ಲಿದ್ದ ನಾಗರಾಜುವಿನ ಕಿವಿ ಮುಟ್ಟುವ ಹೊತ್ತಿಗೆ, ರಾಣಿ ಕಾಸು ಲಕ್ಷ ಬಾಳುತ್ತದೆಂದೂ, ಗಂಜಾಂನ ಚಿಕ್ಕಸ್ವಾಮಿ ವೀಳ್ಯ ವಾಪಸ್ ಕೇಳಲು ಹೋಗಿದ್ದನೆಂದೂ, ನಾಳೆಯೋ ನಾಡಿದ್ದೋ ಪೊಲೀಸಿಗೆ ಕೊಡುತ್ತಾನೆಂದೂ ಆಗಿತ್ತು.

ಅಲ್ಲಿಂದ ಇಲ್ಲಿಗೆ ಬಂದ ಸುದ್ದಿ ಇನ್ನೊಂದು ಥರ. ಹೊಣಕೆರೆಯವರು ಜನ ಕಟ್ಟಿಕೊಂಡು ಬರುತ್ತಾರಂತೆ, ಸಂಬಂಧ ಬೇಡವೆಂದು ಎಲೆ ಅಡಿಕೆ ಎಸೆದು ಹೋಗುತ್ತಾರಂತೆ.

ಚಿಕ್ಕಸ್ವಾಮಿ ತಿಂಡಿ ಬಿಟ್ಟ. ಗಾಣಕ್ಕೆ ಕಬ್ಬು ಕೊಟ್ಟು ಕೆಳಗೆ ಪಾತ್ರೆ ಇಡುವುದನ್ನು ಮರೆತು, ಹಾಲೆಲ್ಲ ಕಾಲ ಮೇಲೆ ಸುರಿದು ಇರುವೆ ಹತ್ತಿದರೂ ಅವನಿಗೆ ಗೊತ್ತಾಗಲಿಲ್ಲ. ಜಯಶೀಲ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಒಂದೇ ರವಿಕೆಗೆ ಮೂರು ತೋಳು ಹಚ್ಚಿದಳು. ಅದನ್ನು ನೋಡಿ ಅವನು ಗಳಗಳ ಅತ್ತುಬಿಟ್ಟ. "ನಂಗ್ ಲಕ್ಷ ಬ್ಯಾಡ ಕಣ್ ಪುಟ್ಟಸ್ವಾಮಣ್ಣ. ನನ್ ಮಗ ಉಳ್ಕಂಡ್ರೆ ಸಾಕು" ಎಂದ. ನಮ್ಮ ಕಡೆ ಪ್ರೀತಿ ಹೆಚ್ಚಾದಾಗ ಮಗಳನ್ನೂ ಮಗ ಎನ್ನುತ್ತಾರೆ. ಅಷ್ಟು ಹೊತ್ತೂ ಅವನನ್ನು ಗೇಲಿ ಮಾಡಬೇಕೆಂದು ನಾಲಿಗೆ ತುದಿಗೆ ಬಂದಿದ್ದ ಮಾತನ್ನು ನಾನು ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಒಂದು ಜೀಪು ಬಂದು ಗಾಣದ ಮುಂದೆ ನಿಂತಿತು. ಅದರಿಂದ ಇಳಿದವರನ್ನು ನೋಡಿದರೆ ಒಂದು ಜೀಪಿನಲ್ಲಿ ಅಷ್ಟು ಜನ ಹೇಗೆ ಹಿಡಿದರು ಎಂದು ಆಶ್ಚರ್ಯವಾಗುತ್ತಿತ್ತು. ದ್ಯಾವಯ್ಯ, ಮಾದಮ್ಮ, ಹೊಣಕೆರೆಯ ಯಜಮಾನರು, ಅವರ ಹಿಂದೆ ಯೂನಿಫಾರಂ ಬಿಚ್ಚಲೂ ಪುರುಸೊತ್ತಿಲ್ಲದೆ ಬಂದ ನಾಗರಾಜು. ಬೀದಿ ತುಂಬ ಜನ ಸೇರಿದರು. ಸೋಮಮ್ಮ ಮತ್ತು ಜಯಶೀಲ ಓಡಿಬಂದು ಗಾಣದ ಹಿಂದೆ ನಿಂತರು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ನೋಡಪ್ಪ ಚಿಕ್ಕಸ್ವಾಮಿ. ವೀಳ್ಯ ವಾಪಸ್ ಬೇಕು ಅಂತ ನೀನಾಡ್ದಾ?"

"ನಾನೆಲ್ಲಾಡ್ದೆ? ನೀವ್ ಎಲೆ ಎಸ್ದು ಓಯ್ತೀರ ಅಂದ್ರು!"

"ನಾವ್ಯಾಕೆ ಎಸೆಯಾನ?"

"ಎಮ್ಮೆ ಯಾಕ್ ತಂದ್ರಿ ಮತ್ತೆ?"

ಯಜಮಾನರು ದ್ಯಾವಯ್ಯನನ್ನು ನೋಡಿದರು. ದ್ಯಾವಯ್ಯ ಎಮ್ಮೆ ಸಾಕುವುದು ಯಾವ ಕಾನೂನಿನಲ್ಲಿ ತಪ್ಪು ಎಂದು ಕೇಳಿದರು. ಚಿಕ್ಕಸ್ವಾಮಿ ನಾಲ್ಕು ಲಕ್ಷದ ಕಾಸು ಮಾರಿ ತಂದರೆ ತಪ್ಪು ಎಂದ. ಬೀದಿಯವರೆಲ್ಲ ಒಟ್ಟಿಗೆ "ನಾಲ್ಕ್ ಲಕ್ಷ!" ಎಂದರು. ನಾಗರಾಜು ಜಯಶೀಲಳನ್ನು ನೋಡಿದ, ಜಯಶೀಲ ನೆಲ ನೋಡಿದಳು.

ಆಗ ಮಾದಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ಗೊಳೋ ಎಂದು ಅತ್ತರು.

"ಮಾರಿಲ್ಲ ಕಣಣ್ಣ, ಮಾರಿಲ್ಲ! ಕಳದ್ಬುಟ್ಟಿವ್ನಿ! ಎಮ್ಮೆ ನನ್ ತವ್ರು ಮನೆ ಕಾಸಲ್ಲಿ ತಂದಿದ್ದು. ಅವತ್ತು ಮನೇಗ್ ಹೋಗಿ ಗಂಟು ಬಿಚ್ಚುದ್ರೆ ಒಂದ್ ರೂಪಾಯಿ ಐತೆ, ರಾಣಿ ಇಲ್ಲ. ವೀಳ್ಯದ್ ಕಾಸು ಕಳದ್ರೆ ಅಪಶಕುನ ಅಂತ ಬಾಯಿ ಬುಡ್ನಿಲ್ಲ. ನೀವ್ ದೇವ್ರ ಮನೇಗ್ ನುಗ್ತೀನಿ ಅಂದಾಗ ನನ್ ಜೀವ ಓಗಿತ್ತು. ಆಮ್ಯಾಕೆ ಅದು ಲಕ್ಷ ಅಂದ್ಬುಟ್ರು."

"ಎಲ್ ಕಳದ್ರಿ ತಾಯಿ?" ಎಂದು ಕೇಳಿದೆ ನಾನು. ಯಾರಾದರೂ ಕೇಳಲೇಬೇಕಾಗಿತ್ತು.

"ಇಲ್ಲೇ" ಎಂದರು ಮಾದಮ್ಮ. ಗಾಣ ತೋರಿಸಿದರು.

ಬೀದಿಯವರೆಲ್ಲ ಗಾಣದ ಹತ್ತಿರಕ್ಕೆ ನೂಕಾಡಿದರು.

"ಅವತ್ತು ಬಸ್ಸಿಗೆ ಹೋಗ್ತಾ ನಾನೂ ನಮ್ಮತ್ತಿಗೆಮ್ಮನೂ ಬಿಸ್ಲು ತಡೀಲಾರ್ದೆ ಇಲ್ಲಿ ಎಲ್ಡ್ ಲೋಟ ಕುಡುದ್ವಿ. ಈ ತಮ್ಮಯ್ಯ ದುಡ್ ಬ್ಯಾಡ ಅಂತು. ತಾಳಿ ಕಟ್ಟೋಕ್ ಮುಂಚೆ ಹೆಣ್ಣಿನ್ ಮನೇವ್ರ ಅಂಗ್ಡೀಲಿ ಪುಕ್ಸಟ್ಟೆ ಕುಡುದ್ರೆ ನಾಳೆ ಜನ ಆಡ್ಕತಾರೆ ಅಂತ, ಬ್ಯಾಡ ಅಂದ್ರೂ ಸೆರಗಿಂದ ತಗ್ದು ಕೊಟ್ಟೆ. ಬಸ್ ಬಂದ್ಬುಟ್ಟಿತ್ತು, ನೋಡ್ನಿಲ್ಲ. ಕೈಗ್ ದಪ್ಪಗ್ ಸಿಕ್ತು. ಈಗ ದಪ್ಪನ್ ಕಾಸು ಬಂದವ್ಯಲ್ಲ, ಐದು ರೂಪಾಯ್ದು, ಅದೇ ಅನ್ಕಂಡೆ. ರಾತ್ರಿಯೆಲ್ಲ ಯೋಚ್ನೆ ಮಾಡಿ ಮಾಡಿ ನಿನ್ನೆ ಗೊತ್ತಾಯ್ತು, ಅದು ರಾಣಿ ಅಂತ."

ಎಲ್ಲರೂ ಚೌಡಯ್ಯನ ಕಡೆ ತಿರುಗಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಆವಮ್ಮ ಕೊಟ್ಟಿದ್ದ್ ನಿಜ ಕಣ್ ಭಾವ. ಬೀಗ್ರ ಹತ್ರ ಎಣಿಸ್ಕಂಡ್ ಈಸ್ಕಂಡ್ರೆ ಚೆನ್ನಾಗಿರಕಿಲ್ಲ ಅಂತ ನಾನ್ ನೋಡ್ದೆ ಗಲ್ಲಾಕ್ಕೆ ಎಸ್ದೆ."

ಹಾಗಾದರೆ ರಾಣಿ ಹೊಣಕೆರೆಗೆ ಹೋಗೇ ಇರಲಿಲ್ಲ. ಚಿಕ್ಕಸ್ವಾಮಿ ಹುಚ್ಚು ಹಿಡಿದವನ ಹಾಗೆ ಗಲ್ಲಾಪೆಟ್ಟಿಗೆ ಎತ್ತಿ ಬೋರಲು ಹಾಕಿದ. ಹತ್ತು ಪೈಸೆ, ಎಂಟಾಣೆ, ರೂಪಾಯಿ, ಒಂದು ಗುಂಡಿ, ಎರಡು ಪಿನ್ನು. ಹೊಣಕೆರೆಯವರೂ ಗಂಜಾಂನವರೂ ಒಟ್ಟಿಗೆ ಮಂಡಿಯೂರಿ ಮಣ್ಣಿನಲ್ಲಿ ಕೈಯಾಡಿಸಿದರು. ರಾಣಿ ಇಲ್ಲ.

ಅದೇ ಹೊತ್ತಿಗೆ ಒಂದು ಅಂಬಾಸಿಡರ್ ಕಾರು ಹಾರ್ನ್ ಮಾಡಿ ನಿಂತಿತು. ಇಳಿದವನು ಅಜ್ಮತ್ ಉಲ್ಲಾ. ಅವನದು ಬಾಡಿಗೆ ಟ್ಯಾಕ್ಸಿ. ಊಟಿ ಸೀಜನ್ ಎಂದು ಎರಡು ವಾರದಿಂದ ಆ ಕಡೆಯೇ ಇದ್ದವನು ಅಂದು ಒಬ್ಬ ಫಾರಿನ್ ಹೆಂಗಸನ್ನು ಗುಂಬಜ್ ತೋರಿಸಲು ಕರೆತಂದಿದ್ದ. ನೆಲದ ಮೇಲೆ ತೆವಳುತ್ತಿದ್ದ ಜನವನ್ನು ನೋಡಿಯೂ ಅವನು ತನ್ನ ದೂರನ್ನು ಬಿಡಲಿಲ್ಲ.

"ಅರೆ ಚಿಕ್ಕಸ್ವಾಮಿ ಭಾಯ್! ಊಟಿಗೆ ಹೋಗೋ ದಿನ ಹತ್ತು ರೂಪಾಯಿ ನೋಟು ಕೊಟ್ಟೆ, ಎರಡು ಲೋಟ ಕುಡಿದೆ, ಐದು ರೂಪಾಯಿ ಕಾಯಿನ್ ಅಂತ ಏನು ಕೊಟ್ಬುಟ್ಟೆ ನೀನು? ಗೂಡಲೂರಲ್ಲಿ ನಡೀಲಿಲ್ಲ, ಊಟಿಯಲ್ಲಿ ನಡೀಲಿಲ್ಲ. ಪಾನ್ ಅಂಗಡಿಯೋನು ಖೋಟಾ ಅಂತ ಮುಖಕ್ಕೆ ಎಸೆದ!"

ಎಂದು ಜೇಬಿನಿಂದ ತೆಗೆದು ಗಾಣದ ಹಲಗೆಯ ಮೇಲೆ ಟಣ್ ಎಂದು ಇಟ್ಟ. ರಾಣಿ ಮೇಲ್ಮುಖವಾಗಿ ಬಿದ್ದಳು.

ಹೆಂಗಸಿನ ತಲೆ ಇದ್ದರೆ ಲಂಡನ್ ಎಂದು ಊರಿಗೇ ಪಾಠ ಹೇಳಿದ ಮನುಷ್ಯ, ತನ್ನ ಕೈಯಾರೆ ಆ ತಲೆಯನ್ನು ಹಿಡಿದು ಚಿಲ್ಲರೆ ಎಂದು ಕೊಟ್ಟುಬಿಟ್ಟಿದ್ದ. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

"ಅಜ್ಮತ್ತಣ್ಣ," ಎಂದ ನಾಗರಾಜು, ಮೊದಲ ಸಲ ಬಾಯಿ ಬಿಟ್ಟು, "ಆ ಮೇಡಂಗೆ ತೋರ್ಸಿ. ಎಷ್ಟು ಅಂತ ಒಂದೇ ಸಲ ಗೊತ್ತಾಗ್ಲಿ."

ಹೆಂಗಸು ಕಾಸನ್ನು ಕೈಗೆ ತೆಗೆದುಕೊಂಡು ನೋಡಿ, ಊರಿನವರು ಯಾರೋ ಎದುರು ಸಿಕ್ಕ ಹಾಗೆ ನಕ್ಕಳು. ಅಜ್ಮತ್ ಉಲ್ಲಾನ ಜೊತೆ ಏನೇನೋ ಮಾತಾಡಿದಳು. ನಲವತ್ತು ಜನ ಅವಳ ತುಟಿಯನ್ನೇ ನೋಡುತ್ತಿದ್ದರು.

"ಲಂಡನ್ ಅಲ್ಲ," ಎಂದ ಅಜ್ಮತ್ ಉಲ್ಲಾ. "ಆಸ್ಟ್ರೇಲಿಯಾ. ಇವರದೇ ದೇಶ. ರಾಣಿ ಅವಳೇ, ಆದರೆ ಬೇಕಾದಷ್ಟು ದೇಶದ ಕಾಸಿನ ಮೇಲೆ ಅವಳ ತಲೆ ಇದೆಯಂತೆ. ಹಿಂದೆ ಇರೋ ಜಾನ್ವರ್‌ಗೆ ಬಾಯಿ ಬಾತುಕೋಳಿದು, ಮೈ ಹೆಗ್ಗಣದ ಥರ, ನೀರಲ್ಲಿ ಮೀನಿನ ಹಾಗೆ ಈಜುತ್ತೆ. ಮೊಟ್ಟೆ ಇಡುತ್ತೆ, ಮರಿಗೆ ಹಾಲೂ ಕೊಡುತ್ತಂತೆ."

"ನಾನ್ ಅಂದಿರ್ಲಿಲ್ವಾ" ಎಂದು ಚಿಕ್ಕಸ್ವಾಮಿ, ಸೋಮಮ್ಮ, ದ್ಯಾವಯ್ಯ ಮೂವರೂ ಒಂದೇ ಸಲ ಅಂದರು. ಬೀಗರ ನಡುವೆ ಅಂದು ಆದ ಮೊದಲ ಒಪ್ಪಂದ ಅದು.

"ಬೆಲೆ?" ಎಂದರು ಯಜಮಾನರು.

"ಅಲ್ಲಿ ಮನೆಮನೇಲೂ ಇದೆಯಂತೆ. ಮಕ್ಕಳು ಮಿಠಾಯಿ ತಗೋತಾರಂತೆ. ನಮ್ಮ ದುಡ್ಡಲ್ಲಿ..." ಅಜ್ಮತ್ ಉಲ್ಲಾ ಬೆರಳು ಮಡಚಿದ. "ಹೆಚ್ಚೂ ಕಡಿಮೆ ಐದು ರೂಪಾಯಿ."

ನಾಲ್ಕು ಲಕ್ಷ ಬೀದಿಯಿಂದ ಎದ್ದು ಹೋದ ಸದ್ದು ನನಗೆ ಕೇಳಿಸಿತು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಐದು ರೂಪಾಯಿ ಎಂದರೆ ಎರಡು ಲೋಟ ಕಬ್ಬಿನ ಹಾಲು. ಆ ಕಾಸನ್ನು ಮೊದಲು ಕೊಟ್ಟ ಬಿಳಿ ದಂಪತಿಗಳು ಕುಡಿದದ್ದೂ ಎರಡೇ ಲೋಟ, ನನ್ನ ಕಣ್ಣೆದುರಿಗೆ. ಮಾದಮ್ಮನವರು ಅದನ್ನು ಕೊಟ್ಟು ಕುಡಿದದ್ದೂ ಎರಡೇ. ಇಡೀ ತಾಲೂಕಿನಲ್ಲಿ ಆ ಕಾಸಿಗೆ ಸರಿಯಾದ ಬೆಲೆ ಕಟ್ಟಿದ್ದವರು ಮಾದಮ್ಮನವರು ಒಬ್ಬರೇ, ಅದೂ ನೋಡದೆ. ಈಗ ಅಜ್ಮತ್ ಉಲ್ಲಾ, "ನನ್ನ ಐದು ರೂಪಾಯಿ?" ಎಂದಾಗ ಚಿಕ್ಕಸ್ವಾಮಿ ಎರಡು ಲೋಟ ಹಿಂಡಿ ಅವನಿಗೂ ಆ ಹೆಂಗಸಿಗೂ ಕೊಟ್ಟ. ಲೆಕ್ಕ ಮೂರನೇ ಸಲವೂ ಸರಿಹೋಯಿತು.

ಚಿಕ್ಕಸ್ವಾಮಿ ಮಾದಮ್ಮನ ಮುಂದೆ ಹೋಗಿ ನಿಂತ. ಕೈ ಮುಗಿದ. "ತಂಗ್ಯವ್ವ, ನಾಲ್ಕಾಣೆ ಇರ್ನಿಲ್ಲ ಅವತ್ತು. ಇಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ಅಷ್ಟೇಯ. ಕಾಸು ಆಳಾಗೋಗ್ಲಿ, ನನ್ ಮಗೀನ್ ಕೈ ಬುಡ್ಬ್ಯಾಡಿ."

ದ್ಯಾವಯ್ಯ ಮೂಗು ಒರೆಸಿಕೊಂಡರು. ಯಜಮಾನರು ಯೋಚನೆ ಮಾಡಿ ತೀರ್ಪು ಕೊಟ್ಟರು: ವೀಳ್ಯ ಯಾರೂ ವಾಪಸ್ ಕೇಳಿ ಪಡೆದದ್ದಲ್ಲ, ತಾನಾಗಿ ಬಂದದ್ದು. ಆದ್ದರಿಂದ ಸಂಬಂಧ ಮುರಿದಿಲ್ಲ. ಆದರೆ ಶಾಸ್ತ್ರ ಕಾಲು ರೂಪಾಯಿಯಷ್ಟು ಬಾಕಿ ಉಳಿದಿದೆ, ಅದನ್ನು ಇಲ್ಲೇ ಮುಗಿಸತಕ್ಕದ್ದು.

ಸೋಮಮ್ಮ ವೀಳ್ಯದೆಲೆ ತಂದಳು. ಚಿಕ್ಕಸ್ವಾಮಿ ಜೇಬಿನಿಂದ ಹೊಣಕೆರೆಗೆ ಹೋಗಿ ಬಂದಿದ್ದ ಆ ನಾಲ್ಕಾಣೆಯನ್ನು ತೆಗೆದು, ಹಿಂದೆ ಮುಂದೆ ತಿರುಗಿಸಿ, ಯಜಮಾನರಿಗೆ ತೋರಿಸಿ, ನಾಗರಾಜುವಿಗೆ ತೋರಿಸಿ, ಗಾಣದ ಹಲಗೆಯ ಮೇಲೆಯೇ ಎಲೆಯಲ್ಲಿಟ್ಟು ಮಾದಮ್ಮನ ಮಡಿಲಿಗೆ ಹಾಕಿದ. ಮಾದಮ್ಮ ಅದನ್ನು ಸೆರಗಿನ ತುದಿಗೆ ಸೇರಿಸಿ ಗಂಟು ಹಾಕಿದರು. ಅದರ ಮೇಲೆ ಇನ್ನೊಂದು ಗಂಟು ಹಾಕಿದರು.

ಅತ್ತು ಅತ್ತು ಮಾದಮ್ಮನ ಗಂಟಲು ಒಣಗಿತ್ತು. ಚಿಕ್ಕಸ್ವಾಮಿ ಶುಂಠಿ ನಿಂಬೆಹಣ್ಣು ಹಾಕಿ ದೊಡ್ಡ ಲೋಟದ ತುಂಬ ಹಾಲು ಕೊಟ್ಟ. ಅವರು ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ಲೋಟ ಕೆಳಗಿಟ್ಟರು. ಆಮೇಲೆ ಅಭ್ಯಾಸಬಲದಿಂದ ಅವರ ಕೈ ಮೆಲ್ಲಗೆ ಸೆರಗಿನ ಗಂಟಿನ ಕಡೆ ಹೋಯಿತು.

"ಬ್ಯಾಡ!" ಎಂದು ಹೊಣಕೆರೆ, ಗಂಜಾಂ ಎರಡೂ ಒಟ್ಟಿಗೆ ಕಿರುಚಿದವು. ಕಾರಿನೊಳಗಿದ್ದ ಹೆಂಗಸು ಬೆಚ್ಚಿ ಹೊರಗೆ ಇಣುಕಿದಳು.

ಎಲ್ಲರಿಗಿಂತ ಮುಂಚೆ ಅವರ ಕೈ ಹಿಡಿದದ್ದು ಜಯಶೀಲ. ಗಾಣದ ಹಿಂದಿನಿಂದ ಯಾವಾಗ ಹಾರಿ ಬಂದಳೋ ಯಾರೂ ನೋಡಲಿಲ್ಲ. ಆ ಗಂಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, "ಅತ್ತೆ, ಮುಟ್ಬ್ಯಾಡಿ ಅದ್ನ!" ಎಂದಳು.

ಅದಕ್ಕೆ ಮೊದಲು ಅವಳು ಅವರನ್ನು ಅತ್ತೆ ಎಂದು ಕರೆದಿರಲಿಲ್ಲ. ಮಾದಮ್ಮ ಮತ್ತೆ ಅಳಲು ಶುರುಮಾಡಿದರು, ಅವಳ ಕೈಯ ಮೇಲೆ ತಮ್ಮ ಇನ್ನೊಂದು ಕೈ ಇಟ್ಟುಕೊಂಡು. ಚಿಕ್ಕಸ್ವಾಮಿ ರಾಣಿಯನ್ನು ಗಲ್ಲಾಪೆಟ್ಟಿಗೆಗೆ ಸೇರಿಸಿ, ಮುಚ್ಚಳ ಹಾಕಿ, ಅದರ ಮೇಲೆ ತಾನೇ ಹತ್ತಿ ಕುಳಿತ. ಆ ದಿನ ಬಂದವರೆಲ್ಲರಿಗೂ ಕಬ್ಬಿನ ಹಾಲು ಪುಕ್ಕಟೆಯಾಗಿತ್ತು.